ಕರಗದ ಟೊಮೇಟೊ

ಭಾನುವಾರ

ತಂಗಿಯ ಮಗಳು ಬಂದಿದ್ದಾಳೆ, ಒಂದು ತಿಂಗಳ ರಜಕ್ಕೆ. ಹೊರದೇಶಕ್ಕೆ ಹೋಗಿ ಆರು ವರ್ಷವಾಯಿತು. ಪೆಟ್ಟಿಗೆ ಇಳಿಸುವ ಮೊದಲೇ ಅಡುಗೆಮನೆ ಬಾಗಿಲಲ್ಲಿ ನಿಂತು, "ಅತ್ತೆ, ನಾನೀಗ ಹಾಲು, ಮೊಸರು, ಬೆಣ್ಣೆ, ತುಪ್ಪ ಏನೂ ಮುಟ್ಟಲ್ಲ. ಜೇನುತುಪ್ಪಾನೂ ಇಲ್ಲ" ಎಂದಳು. ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಕಾಫಿ?" ಎಂದು ಕೇಳಿದಳು. "ಡಿಕಾಕ್ಷನ್ನೇ ಸಾಕು ಅತ್ತೆ." ನಮ್ಮ ಮನೆಯಲ್ಲಿ ಬರೀ ಡಿಕಾಕ್ಷನ್ ಕುಡಿಯುವುದು ಹಾಲು ಒಡೆದುಹೋದ ದಿನ. ಹೆಂಡತಿಯ ಮುಖದಲ್ಲಿ ಕಂಡದ್ದು ಕನಿಕರವೋ ಅನುಮಾನವೋ ನನಗೆ ಗೊತ್ತಾಗಲಿಲ್ಲ.

ನಾನು ಚಾಮರಾಜಪೇಟೆಯ ಅಚ್ಚುಕೂಟಗಳಲ್ಲಿ ನಲವತ್ತು ವರ್ಷ ಕರಡು ತಿದ್ದಿದವನು. ಅಡುಗೆಯಲ್ಲಿ ನನಗೆ ತಿಳಿದದ್ದು ತಿನ್ನುವಷ್ಟು ಮಾತ್ರ. ಆದರೆ ಅರ್ಥವಾಗದ ಕಡೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವ ಚಾಳಿ ಇನ್ನೂ ಹೋಗಿಲ್ಲ. ಈ ವಾರ ಅಂಥ ಚಿಹ್ನೆಗಳು ಜಾಸ್ತಿಯಾದವು.

ಮೊದಲನೆಯದು ಊಟದ ಹೊತ್ತಿಗೇ ಬಿತ್ತು. ಹುಡುಗಿ ಹೇಳಿದಳು: "ಮಾವ, ಟೊಮೇಟೊ ಇಟ್ಟು ಖಾರದ್ದೊಂದು ಬೇಕ್ ಮಾಡ್ತೀನಿ. ಬೇಸಿಗೆ ಅಂದ್ರೆ ಟೊಮೇಟೊ ಕಾಲ ಅಲ್ವಾ?"

ಹೌದೆ? ಅವಳಿರುವ ಚಳಿಯ ದೇಶದಲ್ಲಿ ಗಿಡ ವರ್ಷಕ್ಕೊಮ್ಮೆ ಬಿಸಿಲು ಕಂಡಾಗ ಹಣ್ಣು ಬಿಡುತ್ತದೆ, ಜನ ಕಾದಿದ್ದು ಕೊಳ್ಳುತ್ತಾರೆ. ನಾವು ಅವರೆಕಾಯಿಗೆ ಕಾಯುತ್ತೇವೆ, ಬಾದಾಮಿ ಮಾವಿನಹಣ್ಣಿಗೆ ಕಾಯುತ್ತೇವೆ. ಟೊಮೇಟೊಗೆ ಕಾದವರನ್ನು ನಾನು ಬೆಂಗಳೂರಿನಲ್ಲಿ ಕಂಡಿಲ್ಲ. ಕೋಲಾರ, ಚಿಂತಾಮಣಿ, ಶ್ರೀನಿವಾಸಪುರಗಳಿಂದ ಮುನ್ನೂರ ಅರವತ್ತೈದು ದಿನವೂ ಬರುತ್ತದೆ. ನಮಗೆ ಅದರ ಕಾಲ ತಿಳಿಯುವುದು ದರದಿಂದ. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕಿಲೋ ಬಾಕ್ಸು 2,000 ರೂಪಾಯಿ ದಾಟಿದಾಗ ನಮ್ಮ ಬೀದಿಯಲ್ಲಿ ಸಾರು ತೆಳ್ಳಗಾಗಿತ್ತು. ಬೇರೆ ವರ್ಷಗಳಲ್ಲಿ ಅದೇ ರೈತರು ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದದ್ದೂ ಉಂಟು.

ನಿಜವಾಗಿ ನೋಡಿದರೆ ನಮ್ಮ ಬೇಸಿಗೆ ಟೊಮೇಟೊಗೆ ಕಷ್ಟಕಾಲ. ಹಗಲಿನ ಶಾಖ ಮೂವತ್ತೈದು ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಡುತ್ತದೆ, ಹೂವು ಕಾಯಿ ಕಟ್ಟದೆ ಉದುರುತ್ತದೆ. ಒಣಹವೆಯಲ್ಲಿ ಬಿಳಿ ನೊಣ ಹೆಚ್ಚುತ್ತದೆ. ಅದು ಎಲೆ ಮುಟುರು ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುತ್ತದೆ. ಏಪ್ರಿಲ್‌ನ ಸೆಕೆಯ ಬಿಲ್ಲು ನಮ್ಮ ಕೈಗೆ ಬರುವುದು ಜೂನ್-ಜುಲೈಯಲ್ಲಿ. ಬೆಂಗಳೂರು 39.2 ಡಿಗ್ರಿ ಕಂಡ 2016ರ ಏಪ್ರಿಲ್ ನೆನಪಿದೆ. ಆ ದಿನಗಳಲ್ಲಿ ಮಹಡಿಯ ಕುಂಡದ ಗಿಡದಲ್ಲಿ ಒಂದು ಹೂವೂ ನಿಲ್ಲಲಿಲ್ಲ.

ಇಷ್ಟೆಲ್ಲ ಹೇಳಿದೆ. ಹುಡುಗಿ ಪೂರ್ತಿ ಕೇಳಿಸಿಕೊಂಡು, "ಸರಿ ಮಾವ, ಆದ್ರೆ ಈಗ ಸಿಗುತ್ತೆ ತಾನೆ?" ಎಂದಳು. ಸಿಗುತ್ತದೆ.

ಮಂಗಳವಾರ

ಗಾಂಧಿ ಬಜಾರ್. ರಾಮಕೃಷ್ಣ ಆಶ್ರಮದ ಕಡೆಯಿಂದ ನಡೆದುಕೊಂಡೇ ಹೋದೆ. ಗಾಡಿಯವಳು ಎರಡು ಗುಡ್ಡೆ ಹಾಕಿದ್ದಳು. ಒಂದರಲ್ಲಿ ಸೊಟ್ಟಪಟ್ಟ ಮಡಿಕೆಬಿದ್ದ ನಾಟಿ, ಇನ್ನೊಂದರಲ್ಲಿ ಮೊಟ್ಟೆಯಾಕಾರದ ಹೊಳೆಯುವ ಫಾರಂ.

"ಏನಕ್ಕೆ ಸಾರ್?"

"ಬೇಕ್ ಮಾಡೋಕೆ."

"ಹಂಗಂದ್ರೆ?"

"ಪಿಜ್ಜಾ ತರ."

"ಹಂಗಾದ್ರೆ ಫಾರಂ ತಗೊಳ್ಳಿ. ನಾಟಿ ನೀರು ಬಿಟ್ಕೊಂಬಿಡುತ್ತೆ. ಅದು ಸಾರಿಗೇ ಸರಿ."

ನಾನು ನಾಟಿಯ ಪಕ್ಷ. ಬಸವನಗುಡಿ, ಮಲ್ಲೇಶ್ವರದ ನನ್ನ ಓರಗೆಯವರೆಲ್ಲ ಅದೇ ಪಕ್ಷ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ತರಕಾರಿ ಆರಿಸುತ್ತ ನಿಂತ ಯಾವ ಹಿರಿಯರನ್ನು ಕೇಳಿದರೂ ಫಾರಂ ಟೊಮೇಟೊ ರಬ್ಬರು ಅನ್ನುತ್ತಾರೆ. ಅದಕ್ಕೇ ಗಾಡಿಯವಳ ಮಾತು ಮೀರಿ ಒಂದು ಕಿಲೋ ನಾಟಿ ಕೊಂಡೆ. ಅವಳು ಕೊಟ್ಟ ನೋಟಕ್ಕೆ ಹೆದರಿ ಅರ್ಧ ಕಿಲೋ ಫಾರಮ್ಮನ್ನೂ ಹಾಕಿಸಿಕೊಂಡೆ.

ಗಟ್ಟಿ ಟೊಮೇಟೊವನ್ನು ಬೈಯುವಾಗ ನಾವು ಮರೆಯುವ ಸಂಗತಿಯೊಂದಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಮೂರು ರೋಗಗಳನ್ನು ತಡೆಯುತ್ತದೆ: ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ. ಹಣ್ಣು ಗಟ್ಟಿ, ದೂರದ ಪ್ರಯಾಣ ತಾಳುತ್ತದೆ. ಕೋಲಾರದ ಬಾಕ್ಸಿನಲ್ಲಿ ಕೂತು ಬೇರೆ ರಾಜ್ಯದವರೆಗೆ ಹೋಗಬೇಕಾದ ಹಣ್ಣು ಚಾಮರಾಜಪೇಟೆಯ ಸಾರಿನ ಸಲುವಾಗಿ ಮೆತ್ತಗಿರಬೇಕು ಅನ್ನುವುದು ಸ್ವಲ್ಪ ಸ್ವಾರ್ಥವೇ.

ಅದೇ ದಿನ, ಸಂಜೆ

ಹೆಸರಿನ ಗೋಜಲು. ಟೊಮೇಟೊಗೆ ಕನ್ನಡದಲ್ಲಿ ಹಿಂದೆ ಚಪ್ಪರಬದನೆ ಎಂಬ ಹೆಸರಿತ್ತು, ಗೂದೆಹಣ್ಣು ಅಂತಲೂ ಅನ್ನುತ್ತಿದ್ದರು. ಅದು ಬದನೆಯ ಖಾಸಾ ದಾಯಾದಿ, ಸಸ್ಯಶಾಸ್ತ್ರದಲ್ಲಿ ಎರಡೂ ಒಂದೇ ಕುಲದವು. ಆ ಬದನೆ ಹೆಸರು ಬಳಕೆಯಿಂದ ಬಿದ್ದುಹೋಯಿತು. ಸೌತೆ-ಕುಂಬಳದ ವಂಶಕ್ಕೆ ಸೇರಿದ, ಬದನೆಗೆ ಏನೇನೂ ಅಲ್ಲದ ಒಂದು ಬಳ್ಳಿಯ ಕಾಯಿ ಮಾತ್ರ ಸೀಮೆಬದನೆ ಅನ್ನಿಸಿಕೊಂಡು ಮೆರೆಯುತ್ತಿದೆ. ತಮಿಳರೂ ತೆಲುಗರೂ ಅದನ್ನು ಬೆಂಗಳೂರು ಬದನೆ ಅಂತಲೇ ಕರೆಯುತ್ತಾರೆ. ಕರಡು ತಿದ್ದುವವನ ಕೈಗೆ ಸಿಕ್ಕಿದ್ದರೆ ಎರಡೂ ಹೆಸರು ಅದಲುಬದಲಾಗುತ್ತಿದ್ದವು.

ಇನ್ನೊಂದು: ಬೇಕ್ ಅನ್ನುವುದಕ್ಕೆ ನಮ್ಮಲ್ಲಿ ಏನನ್ನಬೇಕು? ಬೇಯಿಸುವುದು ಅಂದರೆ ನೀರು ಕಣ್ಣಮುಂದೆ ಬರುತ್ತದೆ. ಸುಡುವುದು ಅಂದರೆ ಕೆಂಡ, ಬದನೆಕಾಯಿ ಗೊಜ್ಜು. ಹುರಿಯುವುದು, ಬಾಡಿಸುವುದು, ಕಾಯಿಸುವುದು, ಕರಿಯುವುದು ಎಲ್ಲ ಇವೆ. ನಾಲ್ಕೂ ಕಡೆ ಬಿಸಿಗಾಳಿ ಕಟ್ಟಿಹಾಕಿ ಹಿಟ್ಟನ್ನು ಒಣಶಾಖದಲ್ಲಿ ಬಲಿಯಿಸುವುದಕ್ಕೆ ಒಂಟಿ ಪದ ಸಿಗಲಿಲ್ಲ. ಹೆಂಡತಿಯ ಹಳೆಯ ಅಡುಗೆ ಪುಸ್ತಕದಲ್ಲಿ 'ಬೇಕ್ ಮಾಡಬೇಕು' ಎಂಬುದು 'ಬೇಕು ಮಾಡಬೇಕು' ಎಂದು ಅಚ್ಚಾಗಿದೆ. ತಿದ್ದಲು ಮನಸ್ಸಾಗಲಿಲ್ಲ.

ಬುಧವಾರ

ತಿಳಿದವರನ್ನು ನೋಡಿಬರೋಣ ಎಂದು ಹುಡುಗಿಯನ್ನು ಕರೆದುಕೊಂಡು ವಿಶ್ವೇಶ್ವರಪುರದ ಕಡೆ ಹೋದೆ. ಸಜ್ಜನ್ ರಾವ್ ವೃತ್ತದ ಹತ್ತಿರದ ವಿ.ಬಿ. ಬೇಕರಿ 1953ರದ್ದು. ಐಯಂಗಾರ್ ಬೇಕರಿಗಳ ಮೂಲ ಅದಕ್ಕೂ ಹಿಂದೆ, ಪೇಟೆಯಲ್ಲಿ 1898ರಲ್ಲಿ ಶುರುವಾದ ಬಿ.ಬಿ. ಬೇಕರಿಗೆ ಹೋಗಿ ನಿಲ್ಲುತ್ತದೆ. ಹಾಸನದ ಕಡೆಯ ತಿರುಮಲಾಚಾರ್ ಎಂಬವರು ಪೇಟೆಯಲ್ಲಿ ಸಿಹಿತಿಂಡಿ ಅಂಗಡಿ ಇಟ್ಟಿದ್ದರೆಂದೂ ಇಂಗ್ಲಿಷಿನವನೊಬ್ಬ ಅವರಿಗೆ ಬ್ರೆಡ್ಡಿನ ವಿದ್ಯೆ ಹೇಳಿಕೊಟ್ಟನೆಂದೂ ಕಥೆ. ಬೆಂಗಳೂರಿಗೆ ಪ್ಲೇಗ್ ಬಂದದ್ದೂ ಅದೇ 1898ರಲ್ಲಿ. ಜನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಹೊರಟಿದ್ದಾರೆ, ಹಿಂದೆ ಪೇಟೆಯಲ್ಲಿ ಒಬ್ಬರು ಭಟ್ಟಿ ಹೊತ್ತಿಸುತ್ತಿದ್ದಾರೆ. ಈ ಚಿತ್ರವನ್ನು ನಾನು ಬಹಳ ಸಲ ಕಣ್ಣಮುಂದೆ ತಂದುಕೊಂಡಿದ್ದೇನೆ.

ಅಂದಿನ ಮಡಿಯ ಮನೆಗಳು ಬ್ರೆಡ್ಡನ್ನು ಹೇಗೆ ಒಪ್ಪಿದವೋ ನನಗೆ ಪೂರ್ತಿ ಅರ್ಥವಾಗಿಲ್ಲ. ಬ್ರಾಹ್ಮಣರ ಬೇಕರಿ, ಮೊಟ್ಟೆ ಇಲ್ಲ ಎಂಬ ಬೋರ್ಡು ಒಂದು ಭರವಸೆಯಾಗಿತ್ತು, ಸರಿ. ಆದರೂ ನಮ್ಮಜ್ಜಿಯ ಲೆಕ್ಕದಲ್ಲಿ ಬ್ರೆಡ್ಡು ಜ್ವರ ಬಂದವರ ಆಹಾರ. ಜ್ವರ ಬಿಟ್ಟ ಮೇಲೂ ಕೇಳಿದರೆ ನಾಲಗೆ ಚಪಲ. ಅದೇ ಅಜ್ಜಿ ಆಮೇಲಾಮೇಲೆ ಕದ್ದು ಖಾರ ಬನ್ ತರಿಸಿಕೊಳ್ಳುತ್ತಿದ್ದರು. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಬಿದ್ದ ಕೂಡಲೇ ಪರದೇಶಿ ಹಿಟ್ಟು ನಮ್ಮದಾಗಿಬಿಟ್ಟಿತು.

ಹುಡುಗಿ ಗಾಜಿನ ಕಪಾಟಿನ ಮುಂದೆ ನಿಂತು ಒಂದೊಂದನ್ನೂ ಬೆರಳು ತೋರಿಸಿ ಕೇಳಿದಳು: ಇದರಲ್ಲಿ ಹಾಲಿದೆಯಾ, ಇದರಲ್ಲಿ ಬೆಣ್ಣೆ ಇದೆಯಾ? ಕೌಂಟರಿನವರು "ಎಲ್ಲಾ ಪ್ಯೂರ್ ವೆಜ್ ಅಮ್ಮ" ಎಂದರು. ಇಬ್ಬರೂ ಸರಿಯೇ. ನಮ್ಮ ದೇಶದ ಹಸಿರು ಚುಕ್ಕೆ ಹಾಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹಾಲನ್ನೂ ಬಿಟ್ಟವರಿಗೆ ಸರ್ಕಾರವೇ 2021ರಲ್ಲಿ ಬೇರೊಂದು ಗುರುತು ಹೊರತಂದಿದೆ. ಇಲ್ಲೊಂದು ವಿಚಿತ್ರ ಹೊಳೆಯಿತು. ಅಜ್ಜಿ ಹೊಸಲು ದಾಟಲು ಬಿಡದಿದ್ದ ವನಸ್ಪತಿ ಈ ಹುಡುಗಿಯ ಲೆಕ್ಕದಲ್ಲಿ ನಿರ್ದೋಷಿ, ಅಜ್ಜಿ ದೇವರ ಪಕ್ಕದಲ್ಲಿಡುತ್ತಿದ್ದ ತುಪ್ಪ ದೋಷಿ. ನೂರಾರು ಬೇಕರಿಗಳ ಪಫ್ ತಮಗೆ ಗೊತ್ತಿಲ್ಲದೆಯೇ ಅವಳ ವ್ರತಕ್ಕೆ ಹೊಂದುತ್ತಿರಬೇಕು. ಎಮ್.ಟಿ.ಆರ್.ನವರು ಯುದ್ಧಕಾಲದ ಅಕ್ಕಿ ಅಭಾವದಲ್ಲಿ ರವೆ ಇಡ್ಲಿ ಕಂಡುಹಿಡಿದರು ಅನ್ನುತ್ತಾರೆ. ಅಕ್ಕಿ ಬಿಟ್ಟರು, ಮೊಸರು ಬಿಡಲಿಲ್ಲ. ನಮ್ಮೂರಿನಲ್ಲಿ ಮೊಟ್ಟೆ ಬಿಡುವುದು ಸಲೀಸು, ಹಾಲು ಬಿಡುವುದೇ ಪ್ರಯಾಸ.

ಮಸಾಲಾ ಟೋಸ್ಟ್ ತಿಂದೆ, ನಾನೊಬ್ಬನೇ. ದಪ್ಪ ಬ್ರೆಡ್ಡು, ಮೇಲೆ ಈರುಳ್ಳಿ, ಕ್ಯಾರೆಟ್, ಟೊಮೇಟೊ ಹೆಚ್ಚಿ ಬಾಡಿಸಿದ ಮಸಾಲೆ. ಟೊಮೇಟೊ ಎಲ್ಲಿ ಎಂದು ಹುಡುಕಿದೆ. ಬಣ್ಣದಲ್ಲಿತ್ತು, ಹುಳಿಯಲ್ಲಿತ್ತು, ಕಣ್ಣಿಗೆ ಮಾತ್ರ ಕಾಣಲಿಲ್ಲ.

ಬುಧವಾರ ರಾತ್ರಿ

ಆ ಟೋಸ್ಟು ತಲೆಯಿಂದ ಹೋಗುತ್ತಿಲ್ಲ. ಮನಸ್ಸಿನಲ್ಲೇ ಪಟ್ಟಿ ಮಾಡಿದೆ: ಟೊಮೇಟೊ ಸಾರು, ಟೊಮೇಟೊ ಗೊಜ್ಜು, ಟೊಮೇಟೊ ಬಾತು, ಚಟ್ನಿ, ತೊಕ್ಕು, ಕೂಟಿಗೆ ಎರಡು, ಸಾಗುವಿಗೆ ಎರಡು. ಎಲ್ಲದರಲ್ಲೂ ಅದು ಕರಗುತ್ತದೆ. ಕರಗದಿದ್ದರೆ ಸೌಟಿನ ಬೆನ್ನಿನಿಂದ ಹಿಸುಕುತ್ತಾರೆ. ಬೆಂಡೆಕಾಯಿ ಬೆಂಡೆಕಾಯಾಗಿ ಉಳಿಯಬೇಕು, ಲೋಳೆ ಬಿಟ್ಟರೆ ಅಡುಗೆಯವರಿಗೆ ಅವಮಾನ. ಹುರುಳಿಕಾಯಿ ಪಲ್ಯದಲ್ಲಿ ಕಾಯಿ ಎಣಿಸುವಂತಿರಬೇಕು. ಟೊಮೇಟೊ ಒಂದಕ್ಕೆ ಮಾತ್ರ ಕಾಣದಂತಾಗುವುದೇ ಕೆಲಸ. ಹೋಳು ಹೋಳಾಗಿ ಕಾಣುವುದು ಕೋಸಂಬರಿಯಲ್ಲಿ ಒಂದಿಷ್ಟು, ಅದೂ ಇತ್ತೀಚೆಗೆ.

ನಾವು ಅದನ್ನು ಹುಣಸೆಹಣ್ಣಿನ ಜಾಗಕ್ಕೆ ಸೇರಿಸಿಕೊಂಡೆವು, ಅದಕ್ಕೇ ಹೀಗಾಯಿತು ಅಂತ ನನ್ನ ಊಹೆ. ಹುಳಿ ಕೊಡುವುದು ಅದಕ್ಕೆ ಸಿಕ್ಕ ನೌಕರಿ. ಹುಣಸೆಹಣ್ಣನ್ನು ಯಾರೂ ತಟ್ಟೆಯಲ್ಲಿ ಹುಡುಕುವುದಿಲ್ಲವಲ್ಲ. ತಿಥಿಯ ಅಡುಗೆಗೆ ಈ ನೌಕರನಿಗೆ ಪ್ರವೇಶವೂ ಇಲ್ಲ. ಆಲೂಗೆಡ್ಡೆ, ಕೋಸು, ಕ್ಯಾರೆಟ್ಟಿನ ಜೊತೆ ಇಂಗ್ಲಿಷ್ ತರಕಾರಿ ಎಂದು ಹೊರಗೆ ನಿಲ್ಲಿಸುತ್ತಾರೆ, ಮೆಣಸಿನಕಾಯಿಯನ್ನೂ ಬಿಟ್ಟು ಕಾಳುಮೆಣಸು ಹಾಕುತ್ತಾರೆ. ತಿಥಿಯ ಅಡುಗೆ ತಿನ್ನುವಾಗ ಟೊಮೇಟೊ, ಮೆಣಸಿನಕಾಯಿ ನಮ್ಮೂರಿಗೆ ಬರುವ ಮೊದಲಿನ ಊಟ ತಿನ್ನುತ್ತಿದ್ದೇನೆ ಅನ್ನಿಸುವುದುಂಟು.

ಗುರುವಾರ

ಮೊದಲನೆಯ ಟ್ರೇ. ಎರಡು ಲೋಟ ಹಿಟ್ಟು, ಅರ್ಧ ಮೈದಾ ಅರ್ಧ ಗೋಧಿ. ಒಂದು ಚಮಚ ಯೀಸ್ಟು, ಒಂದು ಚಮಚ ಸಕ್ಕರೆ, ಮುಕ್ಕಾಲು ಚಮಚ ಉಪ್ಪು, ಉಗುರುಬೆಚ್ಚಗಿನ ನೀರು, ಮೂರು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ, ಕರಿಬೇವು ಸಣ್ಣಗೆ ಹೆಚ್ಚಿ ಹಿಟ್ಟಿಗೇ ಸೇರಿಸಿದಳು. ಸೆಕೆಗೆ ಹಿಟ್ಟು ನಲವತ್ತು ನಿಮಿಷದಲ್ಲಿ ಪಾತ್ರೆ ಮೀರಿತು. "ಅಲ್ಲಿ ಎರಡು ಗಂಟೆ ಕಾಯ್ತೀನಿ ಮಾವ" ಎಂದು ಬೆರಗಾದಳು. ನಮಗೇನೂ ಬೆರಗಿಲ್ಲ, ಏಪ್ರಿಲ್‌ನಲ್ಲಿ ದೋಸೆಹಿಟ್ಟು ಮಧ್ಯಾಹ್ನಕ್ಕೇ ಹುಳಿ ಬರುತ್ತದೆ.

ನನ್ನ ಹಟಕ್ಕೆ ನಾಟಿ ಹಣ್ಣನ್ನೇ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಮೇಲೆ ಜೋಡಿಸಿದರು. ನೋಡಲು ಬಹಳ ಚೆನ್ನಾಗಿತ್ತು. ಅಟ್ಟದಿಂದ ಇಳಿಸಿದ ಓವನ್ನು ನಮ್ಮ ಮದುವೆಯ ಕಾಲದ್ದು: ದುಂಡನೆಯ ಅಲ್ಯುಮಿನಿಯಂ ಡಬ್ಬ, ಮುಚ್ಚಳದ ನಡುವೆ ಗಾಜಿನ ಕಿಟಕಿ. ಅದಕ್ಕೂ ಮುಂಚೆ ಈ ಬೀದಿಯ ಹೆಂಗಸರು ಕುಕ್ಕರಿಗೆ ಮರಳು ತುಂಬಿಸಿ, ಗ್ಯಾಸ್ಕೆಟ್ಟು ತೆಗೆದು ಕೇಕು ಮಾಡುತ್ತಿದ್ದರು.

ಮುಕ್ಕಾಲು ಗಂಟೆಯ ನಂತರ ತೆಗೆದಾಗ ಅಂಚು ಕೆಂಪಗೆ, ನಡುವೆ ಕೆರೆ. ಟೊಮೇಟೊ ಎಂದಿನಂತೆ ಕರಗಿ ಹಿಟ್ಟಿನೊಳಕ್ಕೆ ಇಳಿದುಬಿಟ್ಟಿತ್ತು. ತಳ ಅಂಟು ಅಂಟು. ಹೆಂಡತಿ ಚಮಚದಲ್ಲಿ ಬಾಯಿಗೆ ಹಾಕಿಕೊಂಡು, "ರುಚಿ ಇದೆ. ಅನ್ನ ಇದ್ದಿದ್ರೆ ಕಲಸಬಹುದಿತ್ತು" ಎಂದಳು.

ಗಾಡಿಯವಳು ಹೇಳಿದ್ದಳು.

ಶುಕ್ರವಾರ

ಎರಡನೆಯ ಟ್ರೇ, ಫಾರಂ ಹಣ್ಣು. ಹದಿನೈದನೆಯ ನಿಮಿಷಕ್ಕೆ ಕರೆಂಟು ಹೋಗಿ ಒಂದು ಗಂಟೆ ಬರಲಿಲ್ಲ. ಇದರ ಬಗ್ಗೆ ಬರೆಯಲು ಏನೂ ಇಲ್ಲ. ಅರೆಬೆಂದದ್ದನ್ನು ಕಾವಲಿಯ ಮೇಲೆ ಮಗುಚಿ ರೊಟ್ಟಿ ಎಂದು ತಿಂದೆವು.

ಶನಿವಾರ

ಟೊಮೇಟೊದಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲು ನೀರೇ. ಫಾರಂ ಹಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಇರುವುದು ನೀರು ಕೂತ ಜಾಗದಲ್ಲಿ. ನಾಟಿಯಲ್ಲಿ ಬೀಜದ ಸುತ್ತಲ ಲೋಳೆ ಜಾಸ್ತಿ, ಗೋಡೆ ತೆಳು. ಫಾರಮ್ಮಿನಲ್ಲಿ ಗೋಡೆ ದಪ್ಪ, ಬಿಲ್ಲೆ ನಿಲ್ಲುತ್ತದೆ. ಆದರೆ ಹುಳಿಯೂ ಘಮವೂ ಬಹಳ ಮಟ್ಟಿಗೆ ಆ ಲೋಳೆಯಲ್ಲೇ ಇರುವುದು. ಹಾಗಾಗಿ ನಿಲ್ಲುವ ಹಣ್ಣಿನಲ್ಲಿ ರುಚಿ ಕಡಿಮೆ, ರುಚಿಯ ಹಣ್ಣು ನಿಲ್ಲುವುದಿಲ್ಲ.

ಹುಡುಗಿಯ ಉಪಾಯ ಉಪ್ಪು. ನಾಟಿ ಹಣ್ಣನ್ನೇ ಕಾಲಂಗುಲ ದಪ್ಪ ಹೆಚ್ಚಿ, ಉಪ್ಪು ಉದುರಿಸಿ, ಹಿಟ್ಟು ಜರಡಿ ಹಿಡಿಯುವ ಜಾಲರಿಯ ಮೇಲೆ ಅರ್ಧ ಗಂಟೆ ಹರಡಿಟ್ಟಳು. ಕೆಳಗೊಂದು ತಟ್ಟೆ. ಉಪ್ಪು ಒಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ, ಉಪ್ಪಿನಕಾಯಿಗೆ ಮಾವಿನಹೋಳು ಹಾಕಿದಾಗ ಆಗುವುದೂ ಇದೇ. ಇಷ್ಟು ಗೊತ್ತಿದ್ದೂ ನಮ್ಮಿಬ್ಬರಿಗೆ ಹೊಳೆಯಲಿಲ್ಲ.

ಹೆಂಡತಿಯ ಉಪಾಯ ಚಟ್ನಿಪುಡಿ. ಅದನ್ನು ಅವಳು ಯಾರನ್ನೂ ಕೇಳದೆ ಮಾಡಿದಳು. ತಟ್ಟಿದ ಹಿಟ್ಟಿನ ಮೇಲೆ ಎಣ್ಣೆ ಸವರಿ, ಕಡಲೆಬೇಳೆ, ಉದ್ದಿನಬೇಳೆ, ಕೊಬ್ಬರಿ, ಒಣಮೆಣಸಿನಕಾಯಿ, ಹುಣಸೆ, ಬೆಲ್ಲ ಎಲ್ಲ ಇರುವ ಮನೆಯ ಪುಡಿಯನ್ನು ತೆಳ್ಳಗೆ ಹರಡಿದಳು. ಅದರ ಮೇಲೆ ಎರಡು ಚಮಚ ಹುರಿಗಡಲೆ ಪುಡಿ. "ಗೊಜ್ಜು ನೀರಾದ್ರೆ ಹುರಿಗಡಲೆ ಹಾಕಲ್ವಾ, ಹಾಗೆ." ಆಮೇಲೆ ಬಟ್ಟೆಯಲ್ಲಿ ಒತ್ತಿ ಒಣಗಿಸಿದ ಟೊಮೇಟೊ ಬಿಲ್ಲೆಗಳು ಒಂದರ ಮೇಲೊಂದು ಕೂರದಂತೆ. ಮೇಲಿಂದ ಮತ್ತೆ ಉಪ್ಪು ಬೇಡ. ಒಂದಿಷ್ಟು ಕುಟ್ಟಿದ ಕಾಳುಮೆಣಸು, ಎಣ್ಣೆ.

ದುಂಡು ಓವನ್ನಿಗೆ ಶಾಖದ ಗುಂಡಿ ಇಲ್ಲ. ಪಕ್ಕದ ಮನೆಯವರ ಹೊಸ ಓವನ್ನು ಎರವಲು ತಂದೆವು. ಇನ್ನೂರು ಡಿಗ್ರಿ, ಟ್ರೇ ಕೆಳಗಿನ ಅಂತಸ್ತಿನಲ್ಲಿ, ತಳಕ್ಕೆ ಮೊದಲು ಕಾವು ಸಿಗುವಂತೆ. ಮೂವತ್ತೈದು ನಿಮಿಷ. ಇಪ್ಪತ್ತನೆಯ ನಿಮಿಷಕ್ಕೆ ಬೀದಿಗೆಲ್ಲ ಖಾರ ಬನ್ನಿನ ವಾಸನೆ ಹೋಯಿತು. ಎದುರುಮನೆಯವರು ಬೇಕರಿ ಇಟ್ಟಿರಾ ಎಂದು ಕೇಳಿಕೊಂಡು ಬಂದರು.

ತೆಗೆದಾಗ ಬಿಲ್ಲೆಗಳು ಇಟ್ಟಲ್ಲೇ ಇದ್ದವು. ಅಂಚು ಸುಕ್ಕಿ ಸ್ವಲ್ಪ ಕಪ್ಪಾಗಿ, ನಡುವೆ ಬೀಜದ ಕೋಣೆಗಳು ಎಣಿಸುವ ಹಾಗೆ. ಒಂದನ್ನು ಮಾತ್ರ ಎತ್ತಿ ಬಾಯಿಗಿಟ್ಟೆ. ಈ ವಯಸ್ಸಿನವರೆಗೆ ಸಾವಿರಾರು ಕಿಲೋ ತಿಂದಿರಬೇಕು, ಟೊಮೇಟೊ ಸಿಹಿ ಎಂದು ನನಗೆ ಗೊತ್ತಿರಲಿಲ್ಲ. ನೀರು ಹೋದ ಮೇಲೆ ಉಳಿದದ್ದು ಅದೇ. ಕೆಳಗೆ ಚಟ್ನಿಪುಡಿ ರಸ ಹೀರಿ ಗಟ್ಟಿ ಗೊಜ್ಜಿನಂತೆ ಹಿಟ್ಟಿಗೆ ಅಂಟಿಕೊಂಡಿತ್ತು. ತಳ ತಟ್ಟಿದರೆ ಸದ್ದು ಬಂತು.

ಹುಡುಗಿ ನಾಲ್ಕು ಚೂರು ತಿಂದಳು. ಹೆಂಡತಿ ಎರಡು ತಿಂದು, ಮೂರನೆಯದಕ್ಕೆ ತುಪ್ಪ ಹಾಕಿಕೊಂಡಳು. ಯಾರೂ ಏನೂ ಅನ್ನಲಿಲ್ಲ.

ಜಾಲರಿಯ ಕೆಳಗಿನ ತಟ್ಟೆಯಲ್ಲಿ ಕಾಲು ಲೋಟದಷ್ಟು ಟೊಮೇಟೊ ನೀರು ಇಳಿದಿತ್ತು. ರಾತ್ರಿ ಅದನ್ನು ಸಾರಿಗೆ ಹಾಕಿದರು.